ಉಪ್ಪುನೀರಿಗೆ ಇಳಿಯುವ ಬೋಟ್ ಟ್ರೇಲರ್‌ಗೆ ಯಾವ ಜಾಕ್ ಕೊಳ್ಳಬೇಕು?

ಪ್ರಶ್ನೆ: ನಾವು ಅಮೆರಿಕದ ಫ್ಲಾರಿಡಾದಲ್ಲಿ, ಟ್ಯಾಂಪಾ ಹತ್ತಿರ ಇದ್ದೇವೆ. 19 ಅಡಿಯ ಫೈಬರ್‌ಗ್ಲಾಸ್ ಬೋಟು, ಗ್ಯಾಲ್ವನೈಸ್ಡ್ ಟ್ರೇಲರ್. ವಾರದ ಕೊನೆಗೆ ಕೊಲ್ಲಿಗೆ ಇಳಿಸುತ್ತೇವೆ. ಟ್ರೇಲರ್‌ನ ಮೂತಿಯಲ್ಲಿರುವ, ಗಾಡಿಯಿಂದ ಬಿಡಿಸಿದಾಗ ಅದನ್ನು ಎತ್ತಿ ನಿಲ್ಲಿಸುವ ಜಾಕ್ ಈಗ ಎರಡನೇ ಸಲ ಕೈಕೊಟ್ಟಿದೆ. ಹ್ಯಾಂಡಲ್ ತಿರುಗುವುದೇ ಇಲ್ಲ, ಆದರೆ ಹೊರಗೆ ಅಷ್ಟೇನೂ ತುಕ್ಕು ಕಾಣುವುದಿಲ್ಲ. ಅಂಗಡಿಯಲ್ಲಿ ಝಿಂಕ್ ಪ್ಲೇಟೆಡ್, ಗ್ಯಾಲ್ವನೈಸ್ಡ್, ಸ್ಟೇನ್‌ಲೆಸ್, ಅಲ್ಯೂಮಿನಿಯಂ ಅಂತ ನಾಲ್ಕು ಬಗೆ ತೋರಿಸಿದರು. ಬೆಲೆಯಲ್ಲಿ ಅಜಗಜಾಂತರ. ದುಬಾರಿಯಾದರೂ ಸ್ಟೇನ್‌ಲೆಸ್ ತೆಗೆದುಕೊಳ್ಳುವುದೇ ಒಳ್ಳೆಯದೆ?

ಉತ್ತರ: ಹೊರಗೆ ತುಕ್ಕಿಲ್ಲ, ಹ್ಯಾಂಡಲ್ ಮಾತ್ರ ತಿರುಗುತ್ತಿಲ್ಲ ಎಂದು ನೀವೇ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಮಾತಿನಲ್ಲೇ ಇದೆ. ಸಮುದ್ರಕ್ಕೆ ಹೋಗಿಬರುವ ಟ್ರೇಲರ್‌ಗಳ ಜಾಕ್‌ಗಳು ಬಹುಪಾಲು ಒಳಗಿನಿಂದ ಹಾಳಾಗುತ್ತವೆ. ಕೊಳ್ಳುವವರು ನೋಡುವುದು ಹೊರಗಿನ ಹೊಳಪನ್ನು, ಅಂಗಡಿಯವರು ವಿವರಿಸುವುದೂ ಅದನ್ನೇ. ಆದ್ದರಿಂದ ಎರಡನೇ ಜಾಕ್ ಕೂಡ ಮೊದಲನೆಯದರ ಹಾದಿಯನ್ನೇ ಹಿಡಿಯುತ್ತದೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನಿಮಗೆ ಸ್ಟೇನ್‌ಲೆಸ್ ಬೇಡ. ಹೊರಕೊಳವೆ ಮತ್ತು ಬ್ರ್ಯಾಕೆಟ್ ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿದ ಲೇಪ) ಆಗಿರುವ, ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಪುಟ್ಟ ಬಾಯಿ) ಇರುವ, ವೆಲ್ಡಿಂಗ್ ಇಲ್ಲದೆ ಬೋಲ್ಟ್‌ನಲ್ಲಿ ಕೂರುವ, 1,500 ಪೌಂಡ್ ಅಂದರೆ ಸುಮಾರು 680 ಕಿಲೋ ತೂಕದ ಸಾಮರ್ಥ್ಯದ ಜಾಕ್ ಕೊಳ್ಳಿ. ಪಿನ್ ಎಳೆದರೆ ಇಡೀ ಜಾಕ್ ಕೈಗೆ ಬರುವ ಮಾದರಿ ನಿಮ್ಮ ಟ್ರೇಲರ್‌ಗೆ ಹೊಂದುವುದಾದರೆ ಅದನ್ನೇ ಆರಿಸಿ. ಯಾಕೆ ಎನ್ನುವುದನ್ನು ಈಗ ಬಿಡಿಸಿ ಹೇಳುತ್ತೇನೆ. ಕಾರಣ ತಿಳಿದಿದ್ದರೆ ನಾಳೆ ಅಂಗಡಿಯಲ್ಲಿ ಬೇರೊಂದು ಮಾದರಿ ಎದುರಾದಾಗಲೂ ನೀವೇ ತೀರ್ಮಾನ ಮಾಡಬಹುದು.

ಜಾಕ್ ಎಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆಗಳು. ಒಳಕೊಳವೆಯ ಮೇಲ್ತುದಿಗೆ ಒಂದು ನಟ್ಟು ಬಿಗಿದಿರುತ್ತದೆ, ಅದರ ಮೂಲಕ ಉದ್ದದ ಸ್ಕ್ರೂ ಕೆಳಗಿಳಿದಿರುತ್ತದೆ. ಹ್ಯಾಂಡಲ್ ತಿರುಗಿಸಿದರೆ ಸ್ಕ್ರೂ ತಿರುಗುತ್ತದೆ. ನಟ್ಟು ತಿರುಗಲು ಜಾಗವಿಲ್ಲದ ಕಾರಣ ಮೇಲೆ ಕೆಳಗೆ ಸರಿಯುತ್ತದೆ, ಅದರ ಜೊತೆಗೆ ಒಳಕೊಳವೆಯೂ ಗಾಲಿಯೂ ಸರಿಯುತ್ತವೆ. ಹ್ಯಾಂಡಲ್ ಪಕ್ಕದಲ್ಲಿರುವ ಸೈಡ್‌ವೈಂಡ್ ಮಾದರಿಯಲ್ಲಿ ತಲೆಯ ಭಾಗದಲ್ಲಿ ಎರಡು ಬೆವೆಲ್ ಗೇರ್ ಕೂಡ ಇರುತ್ತವೆ. ಈ ಸ್ಕ್ರೂ, ನಟ್ಟು, ಗೇರ್‌ಗಳಿಗೆ ದಪ್ಪನೆಯ ಸತುವಿನ ಲೇಪ ಕೊಡಲಾಗುವುದಿಲ್ಲ. ಕೊಟ್ಟರೆ ಮರೆಗಳು, ಅಂದರೆ ಸ್ಕ್ರೂವಿನ ಸುರುಳಿ ಗೀರುಗಳು, ತುಂಬಿಕೊಂಡು ಸ್ಕ್ರೂ ನಟ್ಟಿನೊಳಗೆ ಹೋಗುವುದೇ ಇಲ್ಲ. ಹಾಗಾಗಿ ಅವು ಸಾಮಾನ್ಯವಾಗಿ ಬರಿಯ ಉಕ್ಕಿನವು, ಇಲ್ಲವೆ ತೆಳುವಾದ ಪ್ಲೇಟಿಂಗ್ ಇರುವಂಥವು. ಅವನ್ನು ನಿಜವಾಗಿ ಕಾಯುವುದು ಗ್ರೀಸ್ ಒಂದೇ. ನೀವು ಕೊಳ್ಳುವ ಜಾಕ್‌ನ ಮೈ ಯಾವ ಲೋಹದ್ದಾದರೂ ಈ ಮಾತು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ನೀರು ಒಳಗೆ ಹೋಗುವ ಬಗೆಯನ್ನು ನೋಡಿ. ಬೋಟನ್ನು ನೀರಿಗಿಳಿಸುವ ರ‍್ಯಾಂಪಿನ ಇಳಿಜಾರು ಕಡಿಮೆಯಿದ್ದರೆ ಬೋಟು ತೇಲಬೇಕಾದಾಗ ಟ್ರೇಲರನ್ನು ಹೆಚ್ಚು ದೂರ ಹಿಂದಕ್ಕೆ ಬಿಡಬೇಕಾಗುತ್ತದೆ, ಜಾಕ್‌ನ ಗಾಲಿಯೂ ಕೊಳವೆಯ ಒಂದು ಭಾಗವೂ ಮುಳುಗುತ್ತವೆ. ಬಿಸಿಲಲ್ಲಿ ಕಾದ ಕೊಳವೆ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಎರಡು ಕೊಳವೆಗಳ ನಡುವಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ಆಮೇಲೆ ನಡೆಯುವುದು ಇನ್ನೂ ಕೆಟ್ಟದ್ದು. ಸ್ವಿವೆಲ್ ಜಾಕನ್ನು ಪ್ರಯಾಣಕ್ಕೆಂದು ಅಡ್ಡಲಾಗಿ ಮಡಚಿಟ್ಟಿರುತ್ತೀರಲ್ಲ, ಒಳಗೆ ಸೇರಿದ ನೀರಿಗೆ ಹೊರಬರಲು ದಾರಿಯಿಲ್ಲ. ಮನೆಯವರೆಗೂ ಅದು ಸ್ಕ್ರೂ ಮೇಲೆ ಅತ್ತಿತ್ತ ಹರಿದಾಡುತ್ತಾ ಗ್ರೀಸನ್ನು ತೊಳೆಯುತ್ತದೆ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಒಳಗೆ ಒಂದು ಲೋಟದಷ್ಟು ಉಳಿದು ಆವಿಯಾದರೆ ಒಂದು ಟೀ ಚಮಚಕ್ಕೂ ಮಿಕ್ಕಿ ಉಪ್ಪು ಆ ಮರೆಗಳ ನಡುವೆ ಕೂರುತ್ತದೆ. ಒಣಗಿದ ಮೇಲೆ ತೊಂದರೆಯಿಲ್ಲ ಎಂದುಕೊಳ್ಳುವಂತಿಲ್ಲ. ಮಂಗಳೂರು, ಕುಂದಾಪುರದ ಕಡೆ ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿಯ ತಳದಲ್ಲಿ ನೀರು ಕೂಡಿಕೊಳ್ಳುವುದನ್ನು ನೋಡಿರುತ್ತೀರಿ, ಇಲ್ಲಿ ಆಗುವುದೂ ಅದೇ. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ತೇವಾಂಶ ಶೇಕಡಾ 75ರ ಆಸುಪಾಸು ಮುಟ್ಟಿದಾಗ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಜೊತೆಗಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇಕಡಾ 33 ಸಾಕು. ಫ್ಲಾರಿಡಾದ ಹವೆಯಲ್ಲಿ ತೇವಾಂಶ ಅದಕ್ಕಿಂತ ಕೆಳಗಿಳಿಯುವುದು ಅಪರೂಪ. ಅಂದರೆ ಗ್ಯಾರೇಜಿನಲ್ಲಿ ನಿಂತಿರುವ ನಿಮ್ಮ ಜಾಕ್ ಒಳಗಡೆ ವಾರವಿಡೀ ಒದ್ದೆಯಾಗಿಯೇ ಇರುತ್ತದೆ. ಸಿಹಿನೀರಿನಲ್ಲಿ ತೊಳೆದು ಹೊರಹಾಕುವವರೆಗೂ ಆ ಉಪ್ಪು ಹೋಗುವುದಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಜಾಕ್ ಕೈಗೆ ಸಿಕ್ಕಾಗ ಮೊದಲು ಬಣ್ಣ ನೋಡಬೇಡಿ, ತಲೆಕೆಳಗು ಮಾಡಿ ನೋಡಿ. ಕೊಳವೆಯ ತಳದಲ್ಲಿ ನೀರು ಇಳಿದುಹೋಗಲು ತೂತು ಅಥವಾ ತೆರೆದ ಜಾಗ ಇದೆಯೇ? ತಲೆಯ ಮುಚ್ಚಳ ಗಟ್ಟಿಯಾಗಿ ಕೂತಿದೆಯೇ, ಅಥವಾ ಬೆರಳಿನಿಂದ ಎತ್ತಿದರೆ ಏಳುವ ಪ್ಲಾಸ್ಟಿಕ್ ಬಿರಡೆಯೇ? ಹಾಗಿದ್ದರೆ ಮಳೆನೀರೂ ಒಳಗೆ ಹೋಗುತ್ತದೆ. ಗ್ರೀಸ್ ನಿಪ್ಪಲ್ ಎಲ್ಲಿದೆ? ಒಂದೇ ನಿಪ್ಪಲ್ ಇದ್ದು ಅದು ಗೇರ್‌ಗಳ ಹತ್ತಿರ ಮಾತ್ರ ಇದ್ದರೆ ಸ್ಕ್ರೂಗೆ ಗ್ರೀಸ್ ತಲುಪುವುದು ಹೇಗೆ ಎಂದು ಕೇಳಿ. ಸ್ಕ್ರೂಗೆ ಗ್ರೀಸ್ ತುಂಬುವ ದಾರಿಯೇ ಇಲ್ಲದ ಜಾಕ್ ಎಷ್ಟೇ ಚೆನ್ನಾಗಿ ಹೊಳೆಯಲಿ, ಉಪ್ಪುನೀರಿನ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ.

ಇನ್ನು ಹೊರಮೈ. ಝಿಂಕ್ ಪ್ಲೇಟೆಡ್ ಮತ್ತು ಗ್ಯಾಲ್ವನೈಸ್ಡ್ ಎರಡರಲ್ಲೂ ಇರುವುದು ಸತುವೇ, ಆದರೆ ಪದರದ ದಪ್ಪದಲ್ಲಿ ಬಹಳ ಅಂತರವಿದೆ. ವಿದ್ಯುತ್ ಹರಿಸಿ ಮಾಡುವ ಝಿಂಕ್ ಪ್ಲೇಟಿಂಗ್ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಇರುತ್ತದೆ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಹಾಟ್ ಡಿಪ್ ವಿಧಾನದಲ್ಲಿ, 3ರಿಂದ 6 ಮಿಲಿಮೀಟರ್ ದಪ್ಪದ ಉಕ್ಕಿನ ಮೇಲೆ ಸರಾಸರಿ 70 ಮೈಕ್ರಾನ್ ಪದರ ಬೇಕೆಂದು ಐಎಸ್‌ಒ 1461 ಮಾನಕ ಹೇಳುತ್ತದೆ. ಕಡಲ ತೀರದ ಉಪ್ಪುಗಾಳಿಯಲ್ಲಿ, ಮಾನಕಗಳ ಭಾಷೆಯಲ್ಲಿ ಸಿ5 ಎಂಬ ವರ್ಗದ ವಾತಾವರಣದಲ್ಲಿ, ಸತು ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಲೆಕ್ಕ ನೀವೇ ಹಾಕಿ. 8 ಮೈಕ್ರಾನ್ ಪ್ಲೇಟಿಂಗ್ ಒಂದೆರಡು ವರ್ಷಕ್ಕೆ ಮುಗಿಯುತ್ತದೆ, 70 ಮೈಕ್ರಾನ್ ಅದೇ ಗಾಳಿಯಲ್ಲಿ ಎಂಟು ವರ್ಷ ದಾಟುತ್ತದೆ. ಇದು ಬರೀ ಗಾಳಿಯ ಲೆಕ್ಕ. ಮೇಲಿಂದ ಮೇಲೆ ಉಪ್ಪುನೀರಿನಲ್ಲಿ ನೆನೆದರೆ ಎರಡೂ ಬೇಗ ಹೋಗುತ್ತವೆ, ಅವುಗಳ ನಡುವಿನ ಅಂತರ ಮಾತ್ರ ಉಳಿದೇ ಇರುತ್ತದೆ.

ಕಣ್ಣಿನಿಂದಲೇ ಗುರುತಿಸಬಹುದು. ಪ್ಲೇಟಿಂಗ್ ಆದದ್ದು ನಯವಾಗಿ, ತುಸು ನೀಲಿ ಅಥವಾ ಹಳದಿ ಛಾಯೆಯಲ್ಲಿ ಹೊಳೆಯುತ್ತದೆ. ಹಾಟ್ ಡಿಪ್ ಮಾಡಿದ್ದು ಮಂಕು ಬೂದಿ ಬಣ್ಣ, ಊರಲ್ಲಿ ಹೊಸ ಜಿ.ಐ. ಪೈಪು ನೋಡಿದ ಹಾಗೆ. ಮೂಲೆಗಳಲ್ಲಿ ಸತು ತೊಟ್ಟಿಕ್ಕಿ ಗಟ್ಟಿಯಾದ ಗುರುತು ಇರುತ್ತದೆ, ಬೆರಳಾಡಿಸಿದರೆ ಉಬ್ಬುತಗ್ಗು ಗೊತ್ತಾಗುತ್ತದೆ. ಅಂದವಿಲ್ಲ, ಬಾಳಿಕೆ ಇದೆ. ಪೆಟ್ಟಿಗೆಯ ಮೇಲೆ ಬರೀ ‘ಝಿಂಕ್ ಕೋಟೆಡ್’ ಎಂದಿದ್ದರೆ ಅದು ತೆಳು ಪ್ಲೇಟಿಂಗ್ ಎಂದೇ ಇಟ್ಟುಕೊಳ್ಳಿ. ಹಾಟ್ ಡಿಪ್ ಮಾಡಿದವರು ಅದನ್ನು ಹೇಳದೆ ಬಿಡುವುದಿಲ್ಲ. ಒಳಕೊಳವೆಗೆ ಮಾತ್ರ ಪ್ಲೇಟಿಂಗ್ ಇರುವುದು ಸಹಜ, ಅದು ಜಾರಬೇಕಾದ ಭಾಗ. ಆ ಕಾರಣಕ್ಕೆ ಜಾಕನ್ನು ತಿರಸ್ಕರಿಸಬೇಡಿ.

ಕರಿ ಪೌಡರ್ ಕೋಟಿಂಗ್ ಜಾಕ್‌ಗಳು ನೋಡಲು ಚಂದ. ಆದರೆ ರಸ್ತೆಯ ಕಲ್ಲು ಸಿಡಿದು ಒಂದು ಚೂರು ಎದ್ದರೆ ಸಾಕು, ಉಪ್ಪು ಬಣ್ಣದ ಅಡಿಯಲ್ಲೇ ಹರಡುತ್ತದೆ, ಬಣ್ಣ ಗುಳ್ಳೆಗಟ್ಟುತ್ತದೆ. ಸತುವಿನ ಗುಣ ಬೇರೆ. ಗೀರು ಬಿದ್ದು ಉಕ್ಕು ಕಂಡರೂ ಸುತ್ತಲಿನ ಸತು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಅಡಿಯಲ್ಲಿ ಗ್ಯಾಲ್ವನೈಸ್ ಮಾಡಿ ಮೇಲೆ ಪೌಡರ್ ಕೋಟಿಂಗ್ ಕೊಟ್ಟಿದ್ದರೆ ಬಹಳ ಒಳ್ಳೆಯದು. ಬರೀ ಪೌಡರ್ ಕೋಟಿಂಗ್ ಕೆರೆ, ಹೊಳೆಯ ಬೋಟಿಗೆ ಸಾಕು, ಸಮುದ್ರಕ್ಕೆ ಸಾಲದು.

ಜಾಹೀರಾತುಗಳಲ್ಲಿ ‘ಇಷ್ಟು ಗಂಟೆ ಸಾಲ್ಟ್ ಸ್ಪ್ರೇ ಪರೀಕ್ಷೆ ಗೆದ್ದಿದೆ’ ಎಂದಿರುತ್ತದೆ. ಆ ಎಎಸ್‌ಟಿಎಂ ಬಿ117 ಪರೀಕ್ಷೆಯಲ್ಲಿ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಕಡಾ 5ರ ಉಪ್ಪುನೀರಿನ ಮಂಜನ್ನು ಒಂದೇ ಸಮನೆ ಹಾಯಿಸುತ್ತಾರೆ. ಒಂದು ಕಾರ್ಖಾನೆಯ ಲೇಪ ದಿನದಿಂದ ದಿನಕ್ಕೆ ಒಂದೇ ಗುಣಮಟ್ಟದಲ್ಲಿದೆಯೇ ಎಂದು ನೋಡಲು ಅದು ಒಳ್ಳೆಯ ಪರೀಕ್ಷೆ. ಇಷ್ಟು ಗಂಟೆಗೆ ಇಷ್ಟು ವರ್ಷ ಎಂದು ಅದನ್ನು ಪರಿವರ್ತಿಸಲು ಬರುವುದಿಲ್ಲ. ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುವ ನಿಜವಾದ ಟ್ರೇಲರ್‌ನ ಬದುಕೇ ಬೇರೆ. ಅದರಲ್ಲೂ ಹಾಟ್ ಡಿಪ್ ಸತು ನಡುನಡುವೆ ಒಣಗಿದಾಗಲೇ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿ ಪೊರೆ ಕಟ್ಟಿಕೊಳ್ಳುವುದು, ಆ ಮಂಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಸ್ಟೇನ್‌ಲೆಸ್ ಬೇಡ ಎಂದೆನಲ್ಲ. ಅಡುಗೆಮನೆಯ ಪಾತ್ರೆಗಳಲ್ಲಿ ಕಾಣುವ 304 ದರ್ಜೆ ಸಮುದ್ರದ ಕ್ಲೋರೈಡ್ ಎದುರು ಸೋಲುತ್ತದೆ, ಮೊದಲು ಕಂದು ಕಲೆ, ಆಮೇಲೆ ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ. ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316 ದರ್ಜೆ ಹೆಚ್ಚು ತಾಳುತ್ತದೆ. ಆದರೆ ಬ್ರ್ಯಾಕೆಟ್ಟಿನ ಅಡಿಯಂಥ, ಉಪ್ಪುನೀರು ನಿಂತು ಆಮ್ಲಜನಕ ಸಿಗದ ಸಂದಿಗಳಲ್ಲಿ ಅದಕ್ಕೂ ತೊಂದರೆ ತಪ್ಪಿದ್ದಲ್ಲ. ಸ್ಟೇನ್‌ಲೆಸ್ ಸ್ಕ್ರೂ ಸ್ಟೇನ್‌ಲೆಸ್ ನಟ್ಟಿನೊಳಗೆ ಭಾರ ಹೊತ್ತು ತಿರುಗಿದರೆ ಮರೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲಾಗದ ಹಾಗೆ ಅಂಟುವ ಅಪಾಯ ಇದೆ. ಹಾಗಾಗಿ ‘ಸ್ಟೇನ್‌ಲೆಸ್ ಜಾಕ್’ ಎಂದು ಮಾರುವ ವಸ್ತುವಿನಲ್ಲಿ ಒಳಗಿನ ಭಾಗಗಳು ಯಾವುದರವು ಎಂದು ಕೇಳದೆ ದುಡ್ಡು ಕೊಡಬೇಡಿ.

ಇದಕ್ಕಿಂತ ದೊಡ್ಡ ಕಾರಣ ನಿಮ್ಮ ಟ್ರೇಲರ್‌ನದೇ. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಮುಟ್ಟಿಕೊಂಡರೆ ಸತು, ಅಲ್ಯೂಮಿನಿಯಂ, ಉಕ್ಕು, ಸ್ಟೇನ್‌ಲೆಸ್ ಎಂಬ ಸಾಲಿನಲ್ಲಿ ಮೊದಲು ಬರುವುದು ಸವೆಯುತ್ತದೆ, ಸಾಲಿನಲ್ಲಿ ಅಂತರ ಹೆಚ್ಚಿದಷ್ಟೂ ಸವೆತ ಜೋರು. ನಿಮ್ಮ ಗ್ಯಾಲ್ವನೈಸ್ಡ್ ಚೌಕಟ್ಟಿಗೆ ದೊಡ್ಡ ಸ್ಟೇನ್‌ಲೆಸ್ ಬ್ರ್ಯಾಕೆಟ್ ಬಿಗಿದರೆ ಆ ಬ್ರ್ಯಾಕೆಟ್ ಹೊಸದರಂತೆ ಇರುತ್ತದೆ, ಅದರ ಸುತ್ತಲಿನ ಚೌಕಟ್ಟಿನ ಸತು ಖಾಲಿಯಾಗುತ್ತದೆ. ನೂರು ಡಾಲರಿನ ಜಾಕ್ ಉಳಿಸಲು ಸಾವಿರಾರು ಡಾಲರಿನ ಚೌಕಟ್ಟನ್ನು ತೆತ್ತ ಹಾಗೆ. ಗ್ಯಾಲ್ವನೈಸ್ಡ್ ಟ್ರೇಲರ್‌ಗೆ ಗ್ಯಾಲ್ವನೈಸ್ಡ್ ಜಾಕ್, ಗ್ಯಾಲ್ವನೈಸ್ಡ್ ಬೋಲ್ಟು. ಒಂದೇ ಕುಲದವು ಜಗಳವಾಡುವುದಿಲ್ಲ.

ಫ್ಲಾರಿಡಾದಲ್ಲಿ ಇಂಗ್ಲಿಷಿನ I ಆಕಾರದ ಅಲ್ಯೂಮಿನಿಯಂ ತೊಲೆಯ (ಐ ಬೀಮ್) ಟ್ರೇಲರ್‌ಗಳೂ ಬಹಳ. ಅಂಥವರಿಗೆ ಅಲ್ಯೂಮಿನಿಯಂ ಮೈಯ ಜಾಕ್ ಹೊಂದುತ್ತದೆ. ಉಕ್ಕಿನದನ್ನೇ ಹಾಕುವುದಾದರೆ ಬ್ರ್ಯಾಕೆಟ್ ಮತ್ತು ಬೀಮ್ ನಡುವೆ ನೈಲಾನ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ, ಬೋಲ್ಟಿಗೆ ನೈಲಾನ್ ತೋಳು ಮತ್ತು ವಾಷರ್ ಕೊಟ್ಟು ಲೋಹಗಳನ್ನು ಬೇರ್ಪಡಿಸಬೇಕು. ರಬ್ಬರ್ ತುಂಡು ಬೇಡ, ಭಾರಕ್ಕೆ ಹಿಸುಕಿ ಬೋಲ್ಟು ಸಡಿಲವಾಗುತ್ತದೆ.

ಭಾರದ ವಿಷಯದಲ್ಲಿ ಬಹಳ ಹೊತ್ತು ನಿಲ್ಲುವುದು ಬೇಡ. ಜಾಕ್ ಹೊರಬೇಕಾದದ್ದು ಇಡೀ ಬೋಟನ್ನಲ್ಲ, ಮೂತಿಯ ಮೇಲೆ ಬೀಳುವ ಟಂಗ್ ವೇಟ್ ಅನ್ನು. ನಿಮ್ಮ ಅಳತೆಯ ಬೋಟು, ಎಂಜಿನ್, ಪೆಟ್ರೋಲು, ಟ್ರೇಲರ್ ಸೇರಿ 3,500 ಪೌಂಡ್ ಎಂದಿಟ್ಟುಕೊಂಡರೆ ಅದರ ಶೇಕಡಾ 10 ಅಂದರೆ 350 ಪೌಂಡ್, ಸುಮಾರು 160 ಕಿಲೋ. ಮನೆಯಲ್ಲೇ ಅಳೆಯಬಹುದು. ಸಮನೆಲದಲ್ಲಿ ಗಾಲಿಗಳಿಗೆ ತಡೆ ಕೊಟ್ಟು, ಗಟ್ಟಿ ಮರದ ಹಲಗೆಯ ಒಂದು ತುದಿಯನ್ನು ಪೈಪ್ ತುಂಡಿನ ಮೇಲೆ, ಇನ್ನೊಂದು ತುದಿಯನ್ನು ಬಾತ್‌ರೂಮ್ ತೂಕದ ಯಂತ್ರದ ಮೇಲೆ ಇಡಿ. ಪೈಪಿನಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ, ಗಾಡಿಗೆ ಸಿಕ್ಕಿಸುವ ಕೊಂಡಿಯಾದ ಕಪ್ಲರ್‌ನ ಭಾರ ಬೀಳಲಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಟಂಗ್ ವೇಟ್ ಸಿಗುತ್ತದೆ. ಲೆಕ್ಕಕ್ಕೆ 1,000 ಪೌಂಡಿನ ಜಾಕ್ ಸಾಕೆನಿಸಿದರೂ 1,500 ಎಂದದ್ದು ಬೇರೆ ಕಾರಣಕ್ಕೆ. ಅಂಗಳದಲ್ಲಿ ಟ್ರೇಲರನ್ನು ತಳ್ಳುವಾಗ ಗಾಲಿ ಒಂದು ಕಲ್ಲಿಗೆ ತಾಗಿದರೂ ಜಾಕ್‌ಗೆ ಅಡ್ಡ ಹೊಡೆತ ಬೀಳುತ್ತದೆ, ಪೆಟ್ಟಿಗೆಯ ಮೇಲೆ ಬರೆದಿರುವುದು ನೇರ ಭಾರದ ಲೆಕ್ಕ. ತುಕ್ಕು ಸ್ವಲ್ಪ ತಿಂದರೂ ದಪ್ಪ ಕೊಳವೆಯಲ್ಲಿ ಬಲ ಉಳಿದಿರುತ್ತದೆ.

ವೆಲ್ಡ್ ಮಾಡುವ ಜಾಕ್ ಬೇಡವೇ ಬೇಡ. ಗ್ಯಾಲ್ವನೈಸ್ಡ್ ಚೌಕಟ್ಟಿನ ಮೇಲೆ ವೆಲ್ಡ್ ಮಾಡಿದರೆ ಸುತ್ತಲಿನ ಸತು ಸುಟ್ಟುಹೋಗಿ ಆ ಜಾಗವೇ ತುಕ್ಕಿನ ತವರಾಗುತ್ತದೆ. ಏಳುವ ಹೊಗೆಯಲ್ಲಿರುವ ಸತುವಿನ ಆಕ್ಸೈಡ್ ಉಸಿರಾಡಿದವರಿಗೆ ಚಳಿಜ್ವರವೂ ಬರುತ್ತದೆ. ಕೊಳ್ಳುವ ಮೊದಲು ಚೌಕಟ್ಟಿನ ಅಗಲ ಎತ್ತರ ಅಳೆದುಕೊಳ್ಳಿ. 3 ಇಂಚಿಗೆ 3, 3 ಇಂಚಿಗೆ 5 ಇವು ಸಾಮಾನ್ಯ ಅಳತೆಗಳು. ಬೋಟನ್ನು ಟ್ರೇಲರ್ ಮೇಲೆ ಎಳೆದುಕೊಳ್ಳುವ ವಿಂಚ್ ಕಂಬಕ್ಕೆ ಹ್ಯಾಂಡಲ್ ತಾಗುತ್ತದೆಯೇ ನೋಡಿ, ತಾಗುವುದಾದರೆ ಸೈಡ್‌ವೈಂಡ್, ಇಲ್ಲವಾದರೆ ಹ್ಯಾಂಡಲ್ ನೆತ್ತಿಯ ಮೇಲಿರುವ, ಗೇರ್ ಇಲ್ಲದ ಟಾಪ್‌ವೈಂಡ್ ಒಳ್ಳೆಯದು, ಹಾಳಾಗುವ ಎರಡು ಭಾಗ ಕಡಿಮೆಯಾದ ಹಾಗೆ.

ತೆಗೆದಿಡಬಹುದಾದ ಜಾಕ್ ಬಗ್ಗೆ ಒತ್ತಿ ಹೇಳಬೇಕು. ಚೌಕಟ್ಟಿಗೆ ಒಂದು ಚಿಕ್ಕ ಕೊಳವೆಯ ಬ್ರ್ಯಾಕೆಟ್ ಮಾತ್ರ ಶಾಶ್ವತವಾಗಿ ಬೋಲ್ಟ್ ಆಗಿರುತ್ತದೆ. ಜಾಕ್ ಅದರ ಮೇಲೆ ಕೂತು ಪಿನ್ನಿನಲ್ಲಿ ನಿಲ್ಲುತ್ತದೆ. ಗಾಡಿಗೆ ಕಪ್ಲರ್ ಸಿಕ್ಕಿಸಿ ಬೀಗ ಬಿದ್ದ ಮೇಲೆ ಜಾಕ್ ಕಳಚಿ ಗಾಡಿಯಲ್ಲಿ ಹಾಕಿಕೊಂಡರೆ ಅದು ಸಮುದ್ರವನ್ನು ಮುಟ್ಟುವುದೇ ಇಲ್ಲ. ಯಾವ ಲೇಪವೂ ಇದಕ್ಕೆ ಸಮವಲ್ಲ. ಪ್ರತಿ ಸಲ ಎಂಟು ಹತ್ತು ಕಿಲೋ ಎತ್ತಿಡಬೇಕು, ಅಷ್ಟೇ ಕಷ್ಟ. ಸ್ವಿವೆಲ್ ಆಗಲಿ, ಇದಾಗಲಿ, ಪಿನ್ ತೂತಿನ ಈಚೆಗೂ ಆಚೆಗೂ ಪೂರ್ತಿ ಕೂತಿದೆಯೇ ಎಂದು ಕಣ್ಣಾರೆ ನೋಡಿಯೇ ಭಾರ ಬಿಡಿ. ಪಿನ್ನಿನ ಸ್ಪ್ರಿಂಗಿಗೆ ತುಕ್ಕು ಹಿಡಿದು ಅರ್ಧಕ್ಕೆ ನಿಂತಿದ್ದರೆ ಜಾಕ್ ಇದ್ದಕ್ಕಿದ್ದಂತೆ ಮಡಚಿ ಮೂತಿ ಕೆಳಗೆ ಬೀಳುತ್ತದೆ. ಅದರ ಅಡಿಯಲ್ಲಿ ಕಾಲಿಡುವ ಅಭ್ಯಾಸ ಮನೆಯ ಮಕ್ಕಳಿಗೂ ಬೇಡ.

ತಂದ ಮೇಲೆ ಮಾಡಬೇಕಾದದ್ದು ಹೆಚ್ಚಿಲ್ಲ. ಮೊದಲ ಬಳಕೆಗೆ ಮುಂಚೆಯೇ ಮರೀನ್ ಗ್ರೀಸ್ ತುಂಬಿ, ಜಾಕನ್ನು ಪೂರ್ತಿ ಮೇಲೆ ಕೆಳಗೆ ಓಡಿಸಿ ಗ್ರೀಸ್ ಸ್ಕ್ರೂವಿನ ಉದ್ದಕ್ಕೂ ಹರಡುವಂತೆ ಮಾಡಿ. ಸಮುದ್ರದಿಂದ ಬಂದ ದಿನವೇ ಜಾಕನ್ನು ನೆಟ್ಟಗೆ ಇಳಿಸಿ, ಒಳಕೊಳವೆ ಪೂರ್ತಿ ಹೊರಬರುವಷ್ಟು ತಿರುಗಿಸಿ, ತೋಟದ ಪೈಪಿನ ಸಿಹಿನೀರನ್ನು ಮೇಲಿನಿಂದ ಹರಿಬಿಡಿ. ಪ್ರೆಷರ್ ವಾಷರ್ ಹಿಡಿಯಬೇಡಿ, ಅದು ಉಪ್ಪನ್ನು ಸಂದಿಗಳೊಳಗೇ ತಳ್ಳಿ ಗ್ರೀಸ್ ಕಿತ್ತುಹಾಕುತ್ತದೆ. ನೀರು ಇಳಿದ ಮೇಲೆ ಒಳಕೊಳವೆಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ. ತಿಂಗಳಿಗೊಮ್ಮೆ ಗ್ರೀಸ್ ಗನ್ ಹಿಡಿದು, ಹಳೆ ಗ್ರೀಸ್ ಹೊರಗೆ ಬರುವವರೆಗೂ ತುಂಬಿ. ಬರುವ ಗ್ರೀಸ್ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರಿದೆ ಎಂದರ್ಥ, ಶುದ್ಧ ಬಣ್ಣ ಬರುವವರೆಗೂ ಬಿಡಬೇಡಿ. ಗಾಲಿಯ ಅಚ್ಚಿಗೂ ಸ್ವಿವೆಲ್ ಪಿನ್ನಿಗೂ ಒಂದೊಂದು ಹನಿ ಎಣ್ಣೆ ಆಗಲೇ ಬಿಟ್ಟುಬಿಡಿ.

ಹಳೆಯದನ್ನು ಕಳಚುವಾಗ ಟ್ರೇಲರ್ ಗಾಡಿಗೆ ಸಿಕ್ಕಿಸಿದ ಸ್ಥಿತಿಯಲ್ಲಿರಲಿ, ಇಲ್ಲವೆ ಮೂತಿಯ ಅಡಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಎರಡೂ ಗಾಲಿಗಳಿಗೆ ಮುಂದೆ ಹಿಂದೆ ತಡೆ ಇಡಿ. ಕಚ್ಚಿಕೊಂಡ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಹೊಡೆಯಿರಿ. ಬ್ರ್ಯಾಕೆಟ್ ಇದ್ದ ಜಾಗದಲ್ಲಿ ಸತು ಹೋಗಿ ಕೆಂಪು ಕಂಡರೆ ತಂತಿ ಬ್ರಶ್ಶಿನಲ್ಲಿ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಒಣಗಿದ ಮೇಲೆ ಸತು ಹೆಚ್ಚಿರುವ ಕೋಲ್ಡ್ ಗ್ಯಾಲ್ವನೈಸಿಂಗ್ ಬಣ್ಣ ಎರಡು ಕೈ ಬಳಿಯಿರಿ. ಹೊಸ ಬೋಲ್ಟುಗಳನ್ನು ಜಾಕ್ ಜೊತೆ ಬಂದ ಹಾಳೆಯಲ್ಲಿ ಹೇಳಿದಷ್ಟು ಟಾರ್ಕ್‌ಗೆ ಬಿಗಿದು, ಬೋಟು ಎಳೆದುಕೊಂಡು ಒಂದು ಸಲ ಹೋಗಿಬಂದ ಮೇಲೆ ಮತ್ತೊಮ್ಮೆ ಅದೇ ಟಾರ್ಕ್ ಇದೆಯೇ ನೋಡಿ.